ತಾವರೆ ಎಲೆಯ ಮೇಲೆ ಅಪ್ಪನ ಬಾಣಂತನ

“ಆಂಟೀ, ಕೆರೇಲಿ ಬೆಕ್ಕಿನ ಮರಿ ಸಿಕ್ಕಾಕೊಂಡಿದೆ, ಒಂದೇ ಸಮ ಅಳ್ತಿದೆ” ಎಂದು ಪಕ್ಕದ ಮನೆ ಹುಡುಗ ಏದುಸಿರು ಬಿಡುತ್ತಾ ಬಂದ. ಕಳೆದ ವರ್ಷ ಜೂನ್ ಕೊನೆಯ ಮಾತು. ಒಲೆ ಮೇಲಿದ್ದ ಸಾರಿನ ಪಾತ್ರೆ ಇಳಿಸಿ, ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಹೋದೆ. ನಮ್ಮದು ತುಮಕೂರು ಜಿಲ್ಲೆಯ ಸಣ್ಣ ಊರು. ಮನೆ ಹಿತ್ತಲು ದಾಟಿದರೆ ಕೆರೆ ಏರಿ. ಎರಡು ಹದ ಮಳೆ ಬಿದ್ದು ಅರ್ಧ ಕೆರೆ ತುಂಬಿತ್ತು, ತೂಬಿನ ಕಡೆಯಿಡೀ ತಾವರೆ ಎಲೆ ಹಾಸಿಕೊಂಡಿತ್ತು. ಕಿವಿಗೊಟ್ಟರೆ ನಿಜವಾಗಿಯೂ ಬೆಕ್ಕೇ! ಮೂಗಿನಿಂದ ಎಳೆದಂಥ ಮಿಯಾಂವ್, ಮಿಯಾಂವ್.

ಆದರೆ ದಡದಿಂದ ಅಷ್ಟು ದೂರ, ನೀರಿನ ನಟ್ಟನಡುವೆ ಬೆಕ್ಕು ಹೋಗುವುದುಂಟೆ? ನೋಡುತ್ತಿದ್ದಂತೆ ಎಲೆಗಳ ಮರೆಯಿಂದ ಒಂದು ಹಕ್ಕಿ ಎದ್ದಿತು. ಮೈ ಕಡು ಚಾಕಲೇಟು ಬಣ್ಣ, ರೆಕ್ಕೆ ಬಿಚ್ಚಿದರೆ ಬೆಳ್ಳಗೆ ಹೊಳೆಯುತ್ತದೆ. ಮುಖ ಬಿಳಿ, ಕತ್ತಿನ ಹಿಂಭಾಗ ಹೊಸ ಬಂಗಾರದಂಥ ಹಳದಿ. ಹಿಂದೆ ಕುಡುಗೋಲಿನಂತೆ ಬಾಗಿದ ಉದ್ದನೆ ಕಪ್ಪು ಬಾಲ. ಹಾರುತ್ತಲೇ ಮತ್ತೊಮ್ಮೆ ಮಿಯಾಂವ್ ಎಂದಿತು. ಹುಡುಗ ಬಿದ್ದು ಬಿದ್ದು ನಕ್ಕ. ನನಗೋ, ಇಷ್ಟು ವರ್ಷ ಕೆರೆ ಪಕ್ಕದಲ್ಲೇ ಇದ್ದು ಇಂಥ ಚೆಲುವೆಯನ್ನು ನೋಡಲೇ ಇಲ್ಲವಲ್ಲ ಅನ್ನಿಸಿತು.

ನೋಡಿದ್ದೆ. ನೋಡಿದ್ದೇನೆ ಎಂಬುದು ಗೊತ್ತಿರಲಿಲ್ಲ ಅಷ್ಟೆ. ಬೆಳಗಿನ ವಾಕಿಂಗ್‌ನಲ್ಲಿ ಕಂಡ ಹಕ್ಕಿಗಳನ್ನು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಗೀಚಿಡುವುದು ನನ್ನ ಅಭ್ಯಾಸ. ಅದೇ ವರ್ಷದ ಜನವರಿಯಲ್ಲಿ ಹೀಗೆ ಬರೆದಿದ್ದೆ: “ಎಲೆ ಮೇಲೆ ನಡೆಯುವ ಕಂದು ಹಕ್ಕಿ. ಹೊಟ್ಟೆ ಬಿಳಿ. ಎದೆಗೆ ಕಪ್ಪು ಹಾರ. ಬಾಲ ಮೋಟು. ಟಿಟ್ಟಿಭದ ಜಾತಿ?” ಆ ಪ್ರಶ್ನೆ ಹಾಗೇ ಉಳಿದಿತ್ತು. ಜನವರಿಯ ಮೋಟುಬಾಲದ ಕಂದು ಹಕ್ಕಿಯೂ ಜೂನಿನ ಈ ರಾಣಿಯೂ ಒಂದೇ ಎಂದು ಯಾರಾದರೂ ಹೇಳಿದ್ದರೆ ಆವತ್ತು ನಾನು ನಂಬುತ್ತಿರಲಿಲ್ಲ.

ಇದು ಬಾಲದ ದೇವನಕ್ಕಿ. ಇಂಗ್ಲಿಷಿನವರು ಕೊಟ್ಟ ಹೆಸರು ಫೆಸೆಂಟ್ ಟೇಲ್ಡ್ ಜಕಾನಾ. ಜಕಾನಾ ಎಂಬ ಪದ ಬ್ರೆಜಿಲ್‌ನ ತುಪಿ ಜನರ ಮಾತಿನಿಂದ ಪೋರ್ಚುಗೀಸರ ಬಾಯಿಗೆ ಬಂದು ಹಾಗೇ ಉಳಿದದ್ದಂತೆ. ಲೋಕದಲ್ಲಿ ಜಕಾನಾಗಳು ಎಂಟು ಬಗೆ. ಋತುವಿಗೆ ತಕ್ಕಂತೆ ಹೀಗೆ ಇಡೀ ಉಡುಪು ಬದಲಿಸುವುದು ಈ ಒಂದೇ. ಮಳೆಗಾಲ ಬಂತೆಂದರೆ ಮದುವೆ ಮನೆಯ ಅಲಂಕಾರ, ಮುಗಿಯಿತೆಂದರೆ ಉದ್ದ ಬಾಲ ಉದುರಿಸಿ ಮನೆ ಉಡುಪು. ನಮ್ಮ ಕಡೆ ವರ್ಷವಿಡೀ ಇರುತ್ತದೆ. ಕಾಶ್ಮೀರದ ಸರೋವರಗಳಿಗೆ ಬೇಸಿಗೆಯಲ್ಲಿ ಮರಿ ಮಾಡಲು ಹೋಗಿ ಚಳಿಗೆ ಕೆಳಗಿಳಿಯುವವೂ ಉಂಟು.

ಗುರುತಿಸಲು ಹೊರಟವರು ಎಡವುವ ಇನ್ನೊಂದು ಕಡೆಯೂ ಇದೆ. ನಮ್ಮ ಕೆರೆಗಳಲ್ಲಿ ಇದರ ದಾಯಾದಿಯೊಂದು ಇದೆ, ಕಂಚು ರೆಕ್ಕೆಯ ದೇವನಕ್ಕಿ. ಅದಕ್ಕೆ ತಲೆ ಕತ್ತೆಲ್ಲ ಹಸಿರು ಮಿಂಚಿನ ಕಪ್ಪು, ಕಣ್ಣಿನ ಮೇಲೆ ಹುಬ್ಬು ತೀಡಿದಂಥ ದಪ್ಪ ಬಿಳಿ ಪಟ್ಟಿ, ಬೆನ್ನು ಹಳೆ ಕಂಚಿನ ಬಣ್ಣ. ಬಾಲ ಯಾವಾಗಲೂ ಮೋಟು. ದೊಡ್ಡವನ್ನು ಯಾರೂ ತಪ್ಪು ತಿಳಿಯಲಾರರು. ಆದರೆ ಅದರ ಎಳೆಯ ಹಕ್ಕಿಗೆ ನೆತ್ತಿ ಕೆಂಗಂದು, ಹೊಟ್ಟೆ ಬಿಳಿ. ಚಳಿಗಾಲದ ಬಾಲದ ದೇವನಕ್ಕಿಯೂ ಕಂದು ಬೆನ್ನು, ಬಿಳಿ ಹೊಟ್ಟೆ. ಎರಡೂ ಅದೇ ಎಲೆಗಳ ಮೇಲೆ ಅದೇ ನಡಿಗೆ. ಆಗ ಎದೆ ನೋಡಬೇಕು: ಕಪ್ಪು ಹಾರ ಇದ್ದರೆ ಬಾಲದ್ದು. ಇಲ್ಲವೇ ಹಾರುವವರೆಗೆ ಕಾಯಬೇಕು: ರೆಕ್ಕೆ ಬೆಳ್ಳಗೆ ಮಿಂಚಿದರೆ ಮುಗಿಯಿತು, ಅನುಮಾನವೇ ಬೇಡ. ಹುಂಡುಕೋಳಿ, ಜಂಬುಕೋಳಿ, ನಾಮದ ಕೋಳಿ ಅದೇ ನೀರಿನಲ್ಲಿ ಓಡಾಡುತ್ತವೆ. ಅವುಗಳ ಜೊತೆ ಗೊಂದಲವಾಗದಿರಲು ಕಾಲು ನೋಡಿದರೆ ಸಾಕು.

ಆ ಕಾಲೋ, ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಪಾರಿವಾಳದಷ್ಟು ಮೈ, ಬೆರಳು ಮಾತ್ರ ಎಲ್ಲಿಂದೆಲ್ಲಿಗೋ! ಉಗುರು ಸೇರಿಸಿದರೆ ಇನ್ನೂ ಉದ್ದ. ಗಂಡಿನ ತೂಕ 120-130 ಗ್ರಾಂ, ಅಂದರೆ ಅರ್ಧ ಪಾವಿನಷ್ಟು ಅಕ್ಕಿ. ಅಷ್ಟು ತೂಕವನ್ನು ಆ ಬೆರಳುಗಳು ಅಗಲಕ್ಕೆ ಹರಡುತ್ತವೆ, ಹಾಗಾಗಿ ತೇಲುವ ಎಲೆ ಮುಳುಗುವುದಿಲ್ಲ. ದೂರದಿಂದ ನೋಡಿದವರಿಗೆ ನೀರಿನ ಮೇಲೇ ನಡೆದಂತೆ ಕಾಣುತ್ತದೆ.

ಶಾಸ್ತ್ರೀಯ ಹೆಸರಿನಲ್ಲೂ ಒಂದು ತಮಾಷೆ ಇದೆ. 1786ರಲ್ಲಿ ಸ್ಕೋಪೋಲಿ ಎಂಬಾತ ಇದಕ್ಕೆ ಇಟ್ಟ ಹೆಸರಿನಲ್ಲಿ ‘ಚಿರುರ್ಗಸ್’ ಎಂದಿದೆ, ಅಂದರೆ ಶಸ್ತ್ರವೈದ್ಯ. ರೆಕ್ಕೆಯ ಮಡಿಕೆಯಲ್ಲಿ ಇದಕ್ಕೊಂದು ಚೂಪಾದ ಮುಳ್ಳಿದೆ. ಅದು ಆ ಕಾಲದ ವೈದ್ಯರು ರಕ್ತ ತೆಗೆಯಲು ಬಳಸುತ್ತಿದ್ದ ಚಾಕುವಿನಂತೆ ಕಂಡಿತಂತೆ. ಸ್ಕೋಪೋಲಿ ಹಕ್ಕಿಯನ್ನು ಕಂಡವನೇ ಅಲ್ಲ, ಫ್ರಾನ್ಸಿನ ಸೊನೆರಾ ಫಿಲಿಪೀನ್ಸ್ ಕಡೆಯಿಂದ ತಂದ ಚಿತ್ರ, ವಿವರಣೆ ನೋಡಿ ಹೆಸರಿಟ್ಟವನು. ನಾನು ಟಿಟ್ಟಿಭ ಅಂದುಕೊಂಡದ್ದಕ್ಕೆ ಆಮೇಲೆ ಅಷ್ಟೇನೂ ನಾಚಿಕೆಯಾಗಲಿಲ್ಲ.

ನಾಚಿಕೆಯಾಗಬೇಕಾದದ್ದು ಬೇರೆಯೇ ಇತ್ತು.

ಜುಲೈ ಪೂರ್ತಿ ಬೆಳಿಗ್ಗೆ ಏಳರಿಂದ ಎಂಟು ಗಂಟೆ ಏರಿಯ ಮೇಲಿನ ಹೊಂಗೆ ಮರದ ಕೆಳಗೆ ಕೂರತೊಡಗಿದೆ. ಮಗಳು ಕೊಡಿಸಿದ ಬೈನಾಕ್ಯುಲರ್ ಮೂರು ವರ್ಷದಿಂದ ಬೀರುವಿನಲ್ಲಿತ್ತು, ಅದಕ್ಕೆ ಆಗ ಯೋಗ ಬಂತು. ತೂಬಿನ ಹತ್ತಿರ ಮೂರು ಹಕ್ಕಿಗಳಿದ್ದವು. ಒಂದು ದಪ್ಪ, ಜೋರು. ಯಾರು ಬಂದರೂ ಅಟ್ಟಿಸಿಕೊಂಡು ಹೋಗುವುದು, ಕೂಗುವುದು, ಜಂಬುಕೋಳಿ ಮೇಲೆರಗುವುದು. ಉಳಿದೆರಡು ಸಣ್ಣವು, ತಮ್ಮ ತಮ್ಮ ಮೂಲೆಯಲ್ಲಿ ಮೇಯುತ್ತಿದ್ದವು. ನಾನು ಆರಾಮವಾಗಿ ಸಂಸಾರ ಕಟ್ಟಿಬಿಟ್ಟೆ: ಒಬ್ಬ ಗಂಡ, ಇಬ್ಬರು ಹೆಂಡಿರು. ಹಳೇ ಸಿನಿಮಾ ಕತೆ.

ತಿಂಗಳ ಕೊನೆಗೆ ಸಣ್ಣದರಲ್ಲೊಂದು ತಾವರೆ ಎಲೆಯ ಮೇಲೆ ಕೂತಿತು. ಗೂಡು ಎನ್ನಲು ಏನೂ ಇಲ್ಲ, ನಾಲ್ಕು ಎಳೆ ಜಲಕಳೆ ಎಳೆದು ಹಾಕಿಕೊಂಡದ್ದಷ್ಟೆ. ಅದು ಎದ್ದಾಗ ಮೊಟ್ಟೆ ಕಂಡವು. ನಾಲ್ಕು. ಉಜ್ಜಿಟ್ಟ ಹಿತ್ತಾಳೆಯ ಬಣ್ಣ, ಬುಗುರಿಯ ಆಕಾರ, ಚೂಪು ತುದಿಗಳೆಲ್ಲ ಒಳಮುಖ. ಬಿಸಿಲು ಏರಿದರೆ ರೆಕ್ಕೆ ಸಡಿಲಿಸಿ ನೆರಳು ಮಾಡುತ್ತಿತ್ತು. ಹೊಟ್ಟೆ ಹಸಿದಾಗ ಎದ್ದು ಗಬಗಬ ಎಂದು ನಾಲ್ಕು ಹುಳ ಹೆಕ್ಕಿ ಮತ್ತೆ ಓಡಿಬಂದು ಕೂರುತ್ತಿತ್ತು. ದಪ್ಪ ಹಕ್ಕಿ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಗಂಡಸರೆಲ್ಲ ಒಂದೇ ಎಂದುಕೊಂಡೆ. ಮೊಬೈಲಿನಲ್ಲಿ ಹೇಗೋ ಒಂದು ಫೋಟೋ ತೆಗೆದು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿ ‘ಮಹಾತಾಯಿ’ ಎಂದು ಬರೆದೆ. ಅತ್ತಿಗೆಯರು, ಚಿಕ್ಕಮ್ಮಂದಿರು ಕೈಮುಗಿದ ಚಿತ್ರಗಳನ್ನು ಸುರಿದರು.

ಸಂಜೆ ಭಾವನ ಫೋನು. ನಮ್ಮ ಅಕ್ಕನ ಗಂಡ, ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ನಿವೃತ್ತರಾದವರು. “ಮಹಾತಾಯಿ ಅಲ್ಲ ಕಣಮ್ಮ ಅದು. ಮಹಾತಂದೆ” ಅಂದರು. ಆ ಜೋರು ಮಾಡುವ ದಪ್ಪ ಹಕ್ಕಿಯೇ ಹೆಣ್ಣು, 200 ಗ್ರಾಂ ಆಸುಪಾಸು ತೂಗುತ್ತದೆ. ಮೊಟ್ಟೆ ಇಡುವುದು, ಸರಹದ್ದು ಕಾಯುವುದು ಅವಳ ಕೆಲಸ. ಕಾವು ಕೂರುವುದು, ಮರಿ ಸಾಕುವುದು ಪೂರಾ ಗಂಡಿನದು. ನಾಲ್ಕು ಮೊಟ್ಟೆ ಒಬ್ಬನಿಗೆ ಒಪ್ಪಿಸಿ ಅವಳು ಮುಂದಿನವನ ಹತ್ತಿರ ಹೋಗುತ್ತಾಳೆ. ಒಂದೇ ಮಳೆಗಾಲದಲ್ಲಿ ಹೀಗೆ ಹಲವು ಸಲ.

“ಯಾಕೆ ಭಾವ ಹೀಗೆ?” ಅಂದೆ.

“ಆ ಗೂಡು ನೋಡಿದ್ಯಲ್ಲ, ಅದನ್ನ ಗೂಡು ಅಂತಾರಾ? ಮಳೆ ಬಂದ್ರೆ ಮುಳುಗ್ತದೆ, ಹದ್ದು ಬಂದ್ರೆ ಹೋಗ್ತದೆ, ಹಾವು, ಜಂಬುಕೋಳಿ ಎಲ್ಲಕ್ಕೂ ಅದು ತಿಂಡಿ. ಹೋದದ್ದಕ್ಕೆ ಬದಲು ಬೇಗ ಬೇಗ ಇಡಬೇಕು. ಇಡೋಳು ಕೂತ್ಕೊಂಡಿದ್ರೆ ಆಗ್ತದಾ?”

ಇದೊಂದೇ ಕಾರಣ ಎಂದು ಯಾರೂ ಆಣೆ ಮಾಡಿ ಹೇಳುವುದಿಲ್ಲವಂತೆ. ಆದರೆ ತೇಲುವ ಎಲೆಯ ಮೇಲಿನ ಸಂಸಾರಕ್ಕೆ ಈ ಲೆಕ್ಕ ಹೊಂದುತ್ತದೆ. ಜಕಾನಾಗಳ ಹೆಚ್ಚಿನ ಬಗೆಗಳಲ್ಲಿ ಗಂಡೇ ಬಾಣಂತಿ. ಆಫ್ರಿಕಾದ ಜಕಾನಾ ಅಪ್ಪ ಅಪಾಯ ಕಂಡರೆ ಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತಾನೆ, ರೆಕ್ಕೆ ಕೆಳಗೆ ಪುಟ್ಟ ಪುಟ್ಟ ಕಾಲುಗಳು ಜೋತಾಡುತ್ತಿರುತ್ತವೆ. ಪನಾಮದಲ್ಲಿ ಜಕಾನಾಗಳನ್ನು ಅಭ್ಯಾಸ ಮಾಡಿದವರು ಕಂಡದ್ದು ಅಷ್ಟು ಮುದ್ದಿನದಲ್ಲ: ಹೊಸ ಹೆಣ್ಣೊಂದು ಸರಹದ್ದು ಗೆದ್ದುಕೊಂಡರೆ ಹಳೆಯವಳ ಮರಿಗಳನ್ನು ಕೊಂದು, ಆ ಗಂಡುಗಳಿಂದ ತನ್ನ ಮೊಟ್ಟೆಗೆ ಕಾವು ಕೊಡಿಸುತ್ತದೆ. ‘ಹೆಣ್ಣು ಆಳಿದರೆ ಲೋಕ ಶಾಂತವಾಗಿರುತ್ತೆ’ ಎನ್ನುವವರು ಇದನ್ನೂ ಸ್ವಲ್ಪ ನೋಡಲಿ, ನಾನೂ ಸೇರಿ.

ವಾಟ್ಸಾಪ್ ಗುಂಪಿನಲ್ಲಿ ತಿದ್ದುಪಡಿ ಹಾಕಿದೆ. ಈ ಸಲ ಕೈಮುಗಿದವರು ಕಡಿಮೆ. ಒಬ್ಬ ಚಿಕ್ಕಪ್ಪ ಮಾತ್ರ ಬೆರಳೆತ್ತಿ ಮೆಚ್ಚುಗೆ ಸೂಚಿಸಿದರು.

ಇಷ್ಟಾಗುವ ಹೊತ್ತಿಗೆ ಶ್ರಾವಣ ಬಂತು. ಭಾವ ಹೇಳಿದ ಲೆಕ್ಕದಲ್ಲಿ ಕಾವು ಸುಮಾರು 26 ದಿನ. ನಾನು ಬೆರಳು ಮಡಿಚಿ ಎಣಿಸಿದೆ. ಮೊಟ್ಟೆ ಒಡೆಯುವುದು ವರಮಹಾಲಕ್ಷ್ಮಿ ಹಬ್ಬ ಕಳೆದು ಒಂದು ವಾರಕ್ಕೆ. ಎದೆ ಧಸಕ್ಕೆಂದಿತು. ಈ ಹಬ್ಬಕ್ಕೆ ತಾವರೆ ಇಲ್ಲದೆ ಆಗುತ್ತದೆಯೇ? ಉಳಿದ ದಿನ ಕೇಳುವವರಿಲ್ಲದ ಹೂವಿಗೆ ಆ ಒಂದು ವಾರ ಚಿನ್ನದ ಬೆಲೆ. ಕೆರೆಯ ಹೂವೆಲ್ಲ ಹಬ್ಬದ ಹಿಂದಿನ ಎರಡು ದಿನದಲ್ಲಿ ಪೇಟೆಗೆ ಹೋಗಬೇಕು. ನಾನೇ ಹೂವಿನ ಅಂಗಡಿಯಲ್ಲಿ ಐದು ತಾವರೆಗೆ ಮೊದಲೇ ಹೇಳಿಟ್ಟಿದ್ದೆ. ಹದಿನೆಂಟು ವರ್ಷದಿಂದ ಕಳಶಕ್ಕೆ ಏರಿಸುತ್ತಿದ್ದೇನೆ, ಆ ಹೂವು ಯಾವ ಎಲೆಯ ಪಕ್ಕದಿಂದ ಕಿತ್ತದ್ದೆಂದು ಒಂದು ದಿನವೂ ಯೋಚಿಸಿದವಳಲ್ಲ.

ನಮ್ಮ ಕೆರೆಯಲ್ಲಿ ಹೂ ಕೀಳುವ ತಾತ ಲಾರಿ ಟ್ಯೂಬಿಗೆ ಹಲಗೆ ಕಟ್ಟಿಕೊಂಡು ನೀರಿಗಿಳಿಯುತ್ತಾರೆ. ಹಬ್ಬಕ್ಕೆ ಹತ್ತು ದಿನ ಇರುವಾಗ ಏರಿಯ ಮೇಲೆ ಸಿಕ್ಕರು.

“ತಾತ, ತೂಬಿನ ಹತ್ರ ಹಕ್ಕಿ ಮೊಟ್ಟೆ ಇಟ್ಟಿದೆ. ಅಲ್ಲೊಂಚೂರು ಬಿಟ್ಟು ಕೀಳ್ತೀರಾ?”

“ನಂಗೊತ್ತಿಲ್ವೇನವ್ವ? ದಿನಾ ನೋಡ್ತೀನಿ. ಹತ್ರ ಹೋದ್ರೆ ರೆಕ್ಕೆ ಮುರ್ದಂಗೆ ಎಳ್ಕಂಡು, ಕುಂಟ್ಕಂಡು ಆ ಕಡೀಕ್ ಓಡ್ತದೆ. ಬರೀ ನಾಟ್ಕ. ಅದ್ರ ಹಿಂದೆ ಹೋದ್ರೆ ಮೊಟ್ಟೆ ಮರ್ತೋಗ್ಲಿ ಅಂತ.”

ಪುಸ್ತಕದಲ್ಲಿ ಓದಿ ನಾನು ಬೆರಗಾಗಿದ್ದ ಸಂಗತಿ. ತಾತ ಅದನ್ನು ಬೀಡಿ ಹಚ್ಚುತ್ತಾ ಹೇಳಿದರು. ಆದರೆ ಕೂತಿರುವುದು ಗಂಡು ಎಂದಾಗ ಬೀಡಿ ಕೈಯಲ್ಲೇ ಉಳಿಯಿತು.

“ಗಂಡ್ಸಾ? ಮೊಟ್ಟೆ ಮ್ಯಾಲೆ?”

“ಹೂಂ ತಾತ. ಆ ದಪ್ಪಂದು ಹೆಂಗಸು.”

“ನಮ್ಮನೇಲಿ ಮಾತ್ರ ಹೇಳ್ಬ್ಯಾಡಿ ತಾಯಿ” ಎಂದು ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಮುಖ ಗಂಭೀರವಾಯಿತು. “ಅಲ್ಲಿ ನಲವತ್ತು ಮೊಗ್ಗವೆ. ಬಿಟ್ರೆ ನಾನೇನ್ ತಿನ್ಲಿ? ವರ್ಷಕ್ಕೆ ಇದೊಂದ್ ಹಬ್ಬ ನಂಗೆ ದುಡ್ಡು ಕಾಣ್ಸೋದು.”

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ತಿಂಗಳ ಸಂಬಳ ಬರುವ ಮನೆಯವಳು ಅವರಿಗೆ ಕರುಣೆಯ ಪಾಠ ಹೇಳುವುದು ಎಷ್ಟು ಸರಿ? ಆ ನಲವತ್ತು ಮೊಗ್ಗಿನ ದುಡ್ಡು ನಾನೇ ಕೊಡುತ್ತೇನೆ ಎಂದೆ. ಅಂಗಡಿಯ ಬೆಲೆಯೆಲ್ಲ ಅವರಿಗೆ ಸಿಗುವುದಿಲ್ಲ, ಮೊಗ್ಗಿಗೆ ಇಪ್ಪತ್ತು ರೂಪಾಯಿಯಂತೆ. ಎಂಟುನೂರು ಕೊಡಲು ಹೋದರೆ, “ಹಕ್ಕಿ ನಿಮ್ದೊಬ್ರದೇನಾ?” ಎಂದು ನಾನೂರು ಮಾತ್ರ ತೆಗೆದುಕೊಂಡರು. ಗೂಡಿನಿಂದ ಹತ್ತು ಮಾರು ದೂರ ಒಂದು ಬಿದಿರು ಗಳು ಚುಚ್ಚಿ ತುದಿಗೆ ಕೆಂಪು ಬಟ್ಟೆ ಕಟ್ಟಿದರು.

ಅದಾದ ಮೂರನೇ ದಿನ ರಾತ್ರಿಯಿಡೀ ಮಳೆ. ಬೆಳಿಗ್ಗೆ ನೋಡಿದರೆ ನೀರು ಏರಿ ಎಲೆಯ ಒಂದು ಅಂಚು ಮುಳುಗಿದೆ. ಹಕ್ಕಿ ಕೂತಿರಲಿಲ್ಲ, ಹಿಮ್ಮುಖವಾಗಿ ನಡೆಯುತ್ತಿತ್ತು. ಬೈನಾಕ್ಯುಲರ್ ಸರಿಮಾಡಿಕೊಂಡು ನೋಡಿದೆ. ಗದ್ದಕ್ಕೂ ಎದೆಗೂ ನಡುವೆ ಒಂದು ಮೊಟ್ಟೆಯನ್ನು ಅವುಚಿಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ ಪಕ್ಕದ ಎಲೆಗೆ ಎಳೆಯುತ್ತಿದ್ದಾನೆ! ಎರಡು ಎಲೆಯ ಸಂದಿನಲ್ಲಿ ಮೊಟ್ಟೆ ಜಾರಿ ನೀರಿಗೆ ಬಿತ್ತು. ಬಿದ್ದದ್ದು ಮುಳುಗಲಿಲ್ಲ, ತೇಲಿತು. ಕೊಕ್ಕಿನ ಕೆಳಗೆ ಮತ್ತೆ ಅವುಚಿ ಎಳೆದ. ನಾಲ್ಕನ್ನೂ ಸಾಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆವತ್ತು ನಮ್ಮ ಮನೆಯಲ್ಲಿ ತಿಂಡಿ ಹತ್ತು ಗಂಟೆಗೆ. ಯಜಮಾನರು ಕೇಳಿದ್ದಕ್ಕೆ ನಡೆದದ್ದು ಹೇಳಿದೆ. ಅವರು ಸುಮ್ಮನೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು.

ತಾತ ಮಾತು ಉಳಿಸಿಕೊಂಡರು. ಆದರೆ ಕೆರೆ ಅವರೊಬ್ಬರದಲ್ಲವಲ್ಲ. ಹಬ್ಬದ ಹಿಂದಿನ ದಿನ ಗುರುವಾರ ನಸುಕಿನಲ್ಲಿ ಪೇಟೆ ಕಡೆಯಿಂದ ಯಾರೋ ಎರಡು ತೆಪ್ಪ ತಂದು, ಬೆಳಕು ಹರಿಯುವುದರೊಳಗೆ ತೂಬಿನ ಕಡೆಯೆಲ್ಲ ಬೋಳಿಸಿಬಿಟ್ಟಿದ್ದರು. ನಾನು ಹೋದಾಗ ಬಿದಿರು ಗಳು ಅಡ್ಡ ಬಿದ್ದಿತ್ತು, ಕೆಂಪು ಬಟ್ಟೆ ನೀರಿನಲ್ಲಿ ತೇಲುತ್ತಿತ್ತು. ಹರಿದ ಎಲೆಗಳು ಬೆನ್ನು ಮೇಲಾಗಿ ಬಿದ್ದಿದ್ದವು. ಹಕ್ಕಿ ಎಲ್ಲೂ ಇಲ್ಲ.

ಶುಕ್ರವಾರ ಪೂಜೆಗೆ ಅಂಗಡಿಯಿಂದ ಐದು ತಾವರೆ ಬಂದವು. ವಾಪಸ್ ಕಳಿಸುವ ಧೈರ್ಯವೂ ಆಗಲಿಲ್ಲ, ಕಳಶದ ಮುಂದೆ ಇಡುವಾಗ ಕೈಯೂ ಬರಲಿಲ್ಲ. ಇಟ್ಟೆ. ಬಂದ ಮುತ್ತೈದೆಯರು ಹೂವು ಎಷ್ಟು ಚೆನ್ನಾಗಿದೆ ಎಂದರು.

ರಾತ್ರಿ ಭಾವನಿಗೆ ಫೋನ್ ಮಾಡಿ ತೋಡಿಕೊಂಡೆ. ಅವರು ಸಮಾಧಾನ ಹೇಳುವವರಲ್ಲ, ಪಾಠ ಹೇಳುವವರು. ತೈವಾನಿನ ಸಂಗತಿ ತೆಗೆದರು. ಅಲ್ಲಿ ತೈನಾನ್ ಸೀಮೆಯ ರೈತರು ಕೊಳಗಳಲ್ಲಿ ಸಿಂಗಾಡೆ ಬೆಳೆಯುತ್ತಾರೆ. ಇದೇ ಬಾಲದ ದೇವನಕ್ಕಿ ಆ ಎಲೆಗಳ ಮೇಲೆ ಮೊಟ್ಟೆ ಇಡುತ್ತದೆ, ಅದಕ್ಕೆ ಅಲ್ಲಿನವರು ಇದನ್ನು ಸಿಂಗಾಡೆ ಹಕ್ಕಿ ಎಂದೇ ಕರೆಯುತ್ತಾರೆ. 1990ರ ದಶಕದಲ್ಲಿ ಇಡೀ ದ್ವೀಪದಲ್ಲಿ ಐವತ್ತು ಹಕ್ಕಿಯೂ ಉಳಿದಿರಲಿಲ್ಲ. ಅವುಗಳ ಜಾಗದಲ್ಲೇ ವೇಗದ ರೈಲು ಮಾರ್ಗ ಹಾಯಬೇಕಾಗಿ ಬಂದು ದೊಡ್ಡ ಗಲಾಟೆಯಾಯಿತು. ಕೊನೆಗೆ 2000ದಲ್ಲಿ ಗ್ವಾನ್‌ತಿಯನ್ ಎಂಬಲ್ಲಿ 15 ಹೆಕ್ಟೇರು ಜಾಗವನ್ನು ಹಕ್ಕಿಗಳಿಗೆಂದೇ ಕೊಳ ಮಾಡಿ ಬಿಟ್ಟರು. ಅದರ ಜೊತೆಗೆ, ತಮ್ಮ ಸಿಂಗಾಡೆ ಕೊಳದಲ್ಲಿ ಗೂಡು ಕಂಡು ಅದನ್ನು ಉಳಿಸಿದ ರೈತನಿಗೆ ಹಣ ಕೊಡುವ ಏರ್ಪಾಡೂ ಆಯಿತು. ಈಗ ಹಕ್ಕಿಗಳ ಸಂಖ್ಯೆ ಸಾವಿರ ದಾಟಿದೆ.

“ನೀನು ನಾನೂರು ರೂಪಾಯಿಯಲ್ಲಿ ಮಾಡಿದ್ದು ಅದೇ” ಅಂದರು ಭಾವ. “ಆದ್ರೆ ಒಬ್ಬರಿಗೆ ಕೊಟ್ಟರೆ ಸಾಲದು, ಕೆರೆಗೆ ಇಳಿಯೋ ಎಲ್ಲರಿಗೂ ಗೊತ್ತಿರಬೇಕು.”

ನಿದ್ದೆ ಬರಲಿಲ್ಲ. ಬೆಳಿಗ್ಗೆ ಮತ್ತೆ ಹೋದೆ. ತೂಬಿನಿಂದ ಆಚೆ, ಜೊಂಡಿನ ಪಕ್ಕ ಯಾರೂ ಮುಟ್ಟದ ಅಂತರಗಂಗೆಯ ರಾಶಿಯ ಮೇಲೆ ಅವನು ಕೂತಿದ್ದ. ಹಳೆಯ ಜಾಗದಿಂದ ಇಪ್ಪತ್ತು ಅಡಿಯಾದರೂ ಇರಬೇಕು. ಅವನೇ ಎಂದು ಹೇಗೆ ಗೊತ್ತಾಯಿತು ಎಂದರೆ, ಅವನ ಬಾಲದ ಒಂದು ಗರಿ ಮೊದಲಿನಿಂದಲೂ ಸೊಟ್ಟ. ಅಡಿಯಲ್ಲಿ ಎಷ್ಟು ಮೊಟ್ಟೆ ಉಳಿದಿವೆ ಎಂದು ಕಾಣುತ್ತಿರಲಿಲ್ಲ. ಆ ಗದ್ದಲದ ನಡುವೆ, ಕತ್ತಲಲ್ಲಿ, ಅಷ್ಟು ದೂರ ಎಳೆದುಕೊಂಡು ಹೋಗಿದ್ದಾನೆ.

ಎಂಟನೇ ದಿನ ಎರಡು ಮರಿ ಕಂಡವು. ಹತ್ತಿಯುಂಡೆಗೆ ಕಡ್ಡಿ ಚುಚ್ಚಿದಂತೆ, ಮೈಗಿಂತ ಕಾಲೇ ದೊಡ್ಡದು. ಮೈ ಒಣಗುತ್ತಲೇ ಎಲೆಯಿಂದ ಎಲೆಗೆ ನಡೆಯತೊಡಗಿದ್ದವು, ತಮ್ಮ ಹುಳ ತಾವೇ ಹೆಕ್ಕುತ್ತಿದ್ದವು. ಅಪ್ಪ ಉಣಿಸುವುದಿಲ್ಲ, ಜೊತೆಗಿರುತ್ತಾನೆ ಅಷ್ಟೆ. ಹದ್ದಿನ ನೆರಳು ಬಿದ್ದರೆ ಅವನೊಂದು ಕೂಗು ಹಾಕುತ್ತಾನೆ, ಮರಿಗಳು ಕಲ್ಲಾಗಿಬಿಡುತ್ತವೆ. ಎಲೆಯ ಮೇಲೆ ಇದ್ದವು ಎಲ್ಲಿ ಹೋದವು ಎಂದು ಬೈನಾಕ್ಯುಲರ್ ಹಿಡಿದ ನನಗೇ ಸಿಗುತ್ತಿರಲಿಲ್ಲ. ಉಳಿದೆರಡು ಮೊಟ್ಟೆ ಎಲ್ಲಿ ಹೋದವೋ. ತಾತನನ್ನು ಕೇಳಿದೆ. “ಕೇಳ್ಬ್ಯಾಡಿ ಬಿಡವ್ವ” ಅಂದರು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಸೊಟ್ಟ ಗರಿಯ ಬಾಲ ಇಲ್ಲ. ಬಂಗಾರದ ಕತ್ತು ಮಾಸಿದೆ, ಹೊಟ್ಟೆ ಬೆಳ್ಳಗಾಗುತ್ತಿದೆ, ಎದೆಯ ಮೇಲೆ ಕಪ್ಪು ಹಾರ ಮೂಡುತ್ತಿದೆ. ಮನೆಗೆ ಬಂದು ಹಾಲಿನ ಲೆಕ್ಕದ ಪುಸ್ತಕ ತೆಗೆದು ಜನವರಿಯ ಸಾಲಿನ ‘ಟಿಟ್ಟಿಭದ ಜಾತಿ?’ ಹೊಡೆದುಹಾಕಿ ಹೆಸರು ಬರೆದೆ.

ಈ ವರ್ಷ ಆಷಾಢ ಮುಗಿಯುವ ಮೊದಲೇ ತಾತನೂ ನಾನೂ ಪೇಟೆಯ ಹೂವಿನ ಅಂಗಡಿಗೆ ಹೋಗಿ, ತೆಪ್ಪ ಕಳಿಸುವವರು ಯಾರೆಂದು ವಿಚಾರಿಸಿ ಮಾತಾಡಿ ಬಂದಿದ್ದೇವೆ. ಅವರು ಹೂಂ ಎಂದಿದ್ದಾರೆ. ನಾಲ್ಕು ಗಳು, ನಾಲ್ಕು ಕೆಂಪು ಬಟ್ಟೆ ಸಿದ್ಧವಾಗಿವೆ. ನಮ್ಮ ಮನೆಗೆ ಈ ಸಲ ಒಂದೇ ತಾವರೆ, ಉಳಿದದ್ದಕ್ಕೆ ಹಿತ್ತಲ ದಾಸವಾಳ ಸಾಕು ಎಂದು ಅತ್ತೆಯವರೇ ಹೇಳಿದರು. ನಿನ್ನೆ ಬೆಳಿಗ್ಗೆ ನಾನು ಏರಿಗೆ ಹೋಗುವುದು ತಡವಾಯಿತು. ಹಿತ್ತಲ ಬೇಲಿಯ ಹತ್ತಿರ ತಾತನ ದನಿ ಕೇಳಿಸಿತು:

“ಅವ್ವೋ, ಬನ್ನಿ ಬಿರ್ರನೆ. ನಿಮ್ಮ ಗಂಡಸು ಕೂತವ್ನೆ.”